75 ಲೀಟರ್ ಪಾತ್ರೆ ಯಾಕೆ ಬೇಕು

ಅಣ್ಣ (ಅಮೆರಿಕಾ): ಮನೇಲಿ ಬಿಯರ್ ಕುದಿಸೋಕೆ ಒಂದು ಪಾತ್ರೆ ನೋಡಿದ್ದೀನಿ. 75 ಲೀಟರ್ ಕೆಟಲ್, 304 ದರ್ಜೆ ಸ್ಟೀಲು, ಆಫರ್ ಇವತ್ತಿಗೆ ಮುಗಿಯತ್ತೆ. ಈಗಿರೋ 20 ಲೀಟರ್ ಪಾತ್ರೇಲಿ ಅರ್ಧ ಕುದಿಸಿ ಆಮೇಲೆ ನೀರು ಸೇರಿಸಿ ಬಿಯರ್ ಮಾಡಿ ಮಾಡಿ ಸಾಕಾಗಿದೆ. ತಗೊಳ್ಳಾ?

ಚಿಕ್ಕಪ್ಪ ಮಂಡ್ಯ: ತಗೋ ಮಗ ಯೋಚ್ನೆ ಯಾಕೆ. ಪಾತ್ರೆ ಅಂದ್ಮೇಲೆ ದೊಡ್ದೇ ಇರ್ಬೇಕು ಕಣ್ಲಾ, ನಮ್ ಆಲೆಮನೆ ಕೊಪ್ಪರಿಗೆ ನೋಡಿಲ್ವಾ ಅಷ್ಟಗಲ ಇರದಕ್ಕೇ ಚೆಂದಾಗಿ ಕುದಿಯದು

ನಾನು: ಬೇಡ ಅಣ್ಣ. ಚಿಕ್ಕಪ್ಪ, ಕೊಪ್ಪರಿಗೆ ಅಗಲ ಮಾಡೋದೇ ಕಬ್ಬಿನ ಹಾಲಲ್ಲಿರೋ ನೀರೆಲ್ಲ ಆವಿಯಾಗಿ ಪಾಕ ಬರ್ಲಿ ಅಂತ. ಇವನಿಗೆ ನೀರು ಉಳೀಬೇಕು. ಒಂದ್ಸಲಕ್ಕೆ ಮಾಡೋದು 20 ಲೀಟರ್ ಬಿಯರ್ರು, ಅದಕ್ಕೆ 28 ಲೀಟರ್ ಮಾಲ್ಟ್ ರಸ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯದ್ದು) ಇಟ್ರೆ ಸಾಕು. 45 ಸೆಂಟಿಮೀಟರ್ ಅಗಲದ ಪಾತ್ರೇಲಿ ಅದು 18 ಸೆಂಟಿಮೀಟರೂ ಏರಲ್ಲ, ತಟ್ಟೇಲಿ ಹಾಕ್ದಂಗೆ, ಹಬೆಯಾಗಿ ಹೋಗೋದೇ ಜಾಸ್ತಿ. ಅದೇ 35 ಅಗಲ 42 ಎತ್ತರದ 40 ಲೀಟರ್ ಪಾತ್ರೆ ಆದ್ರೆ 29 ಸೆಂಟಿಮೀಟರ್ ತುಂಬಿ ಮೇಲೆ ನೊರೆಗೆ ಜಾಗಾನೂ ಇರತ್ತೆ.

ಭಾವ: ಇಲ್ಲೇ ದಪ್ಪ ಅಲ್ಯೂಮಿನಿಯಂ ಪಾತ್ರೆ ಕಮ್ಮಿಗೆ ಸಿಗತ್ತೆ, ಆದ್ರೆ ಹುಳಿ ಪದಾರ್ಥಕ್ಕೆ ಅದು ವಿಷ ಅಂತಾರಲ್ಲಪ್ಪ

ನಾನು: ಅಷ್ಟು ಹೆದರ್ಬೇಕಿಲ್ಲ ಭಾವ. ಮೊದ್ಲು ಬರೀ ನೀರು ಕುದಿಸಿದ್ರೆ ಒಳಗೆ ಮಂಕು ಪದರ ಕೂರತ್ತೆ, ಅದನ್ನ ಉಜ್ಜಿ ತೆಗೀಬಾರ್ದು, ಕಾಸ್ಟಿಕ್ ಸೋಡಾ ಹಾಕಿ ತೊಳೀಬಾರ್ದು ಅಷ್ಟೆ. ಶಾಖಾನೂ ಸ್ಟೀಲಿಗಿಂತ ಹತ್ತು ಪಟ್ಟು ಮೇಲೆ ಹರಿಯತ್ತೆ. ಆದ್ರೆ ಇಂಡಕ್ಷನ್ ಮೇಲೆ ನಡೆಯಲ್ಲ, ಅಣ್ಣಂಗೆ ಅದೇ ಬೇಕಂತೆ, ಹಾಗಾಗಿ ಸ್ಟೀಲೇ, ಅದೂ ತಳಕ್ಕೆ ಆಯಸ್ಕಾಂತ ಅಂಟ್ಬೇಕು.

ಅಕ್ಕ: ಮುಚ್ಚಳ ಮುಚ್ಚಿದ್ರೆ ಬೇಗ ಕುದಿಯಲ್ವಾ, ದೊಡ್ಡದಾದ್ರೂ ನಡೆಯತ್ತಲ್ಲ

ನಾನು: ಕುದಿ ಬರೋವರ್ಗೂ ಮುಚ್ಚಬಹುದು ಅಕ್ಕ, ಆಮೇಲೆ ತೆಗೀಲೇಬೇಕು. ಪಿಲ್ಸ್‌ನರ್ ಅನ್ನೋ ತಿಳಿ ಬಣ್ಣದ ಮಾಲ್ಟ್ ಆದ್ರಂತೂ ಡಿಎಂಎಸ್ ಅನ್ನೋ ಗಂಧಕದ ವಸ್ತು ಹಬೆ ಜೊತೆ ಹೊರಗೆ ಹೋಗ್ದೆ ಬೇಯಿಸಿದ ಮುಸುಕಿನ ಜೋಳದ ವಾಸ್ನೆ ಉಳ್ಕೊಳತ್ತೆ. ಅಸಲಿ ಪ್ರಶ್ನೆ ಪಾತ್ರೆ ಅಲ್ಲ, ಬೆಂಕಿ. ಅಲ್ಲಿ ಪ್ಲಗ್ಗು 120 ವೋಲ್ಟು 15 ಆಂಪು, ಗಂಟೆಗಟ್ಲೆ ಓಡಿಸೋಕೆ ಅದರಲ್ಲಿ ನೂರಕ್ಕೆ ಎಂಬತ್ತರಷ್ಟೇ, ಅಂದ್ರೆ 1440 ವಾಟ್ ಲೆಕ್ಕ. 28 ಲೀಟರ್‌ನ 20 ಡಿಗ್ರಿಯಿಂದ 100ಕ್ಕೆ ತರೋಕೇ 2.6 ಯೂನಿಟ್ ಬೇಕು, ಒಂಚೂರೂ ಶಾಖ ಪೋಲಾಗ್ದಿದ್ರೂ ಹತ್ತಿರ ಹತ್ತಿರ ಎರಡು ಗಂಟೆ. 75 ಲೀಟರ್ ಪಾತ್ರೇಲಿ 60 ಲೀಟರ್ ಇಟ್ರೆ ನಾಕು ಗಂಟೆಗೆ ಹತ್ರ ಆಗತ್ತೆ, ಕುದಿ ಹಿಡ್ಯೋದೇ ಅನುಮಾನ.

ಚಿಕ್ಕಪ್ಪ ಮಂಡ್ಯ: ಗ್ಯಾಸ್ ಇಟ್ಕೊಳ್ಲಿ ಬುಡು

ನಾನು: ಇಟ್ಕೊಂಡ್ರೆ ಬಯಲಲ್ಲೇ ಚಿಕ್ಕಪ್ಪ, ಗ್ಯಾರೇಜಲ್ಲೂ ಬೇಡ. ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೂ ಕಾಣ್ಸಲ್ಲ ಮೂಗಿಗೂ ಗೊತ್ತಾಗಲ್ಲ, ನಂಗೆ ಅದೇ ಭಯ.

ಭಾವ: ನಾವೂ ಒಂದು ಇಲ್ಲಿ ಶುರು ಮಾಡೋಣ್ವಾ?

ನಾನು: ಬೇಡ ಭಾವ, ಇಲ್ಲಿ ಕರ್ನಾಟಕದ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ದೆ ಮಾಡಂಗಿಲ್ಲ. ಅಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿಂದ ಮನೇಲಿ ಮಾಡ್ಕೋಬಹುದು, ಒಬ್ರೇ ಇದ್ರೆ ವರ್ಷಕ್ಕೆ 100 ಗ್ಯಾಲನ್.

ಅಣ್ಣ (ಅಮೆರಿಕಾ): ಸರಿ 40 ಲೀಟರ್ದೇ ನೋಡ್ತೀನಿ. ಕೆಳಗೆ ನಲ್ಲಿ ಬೇಕಾ?

ಅಕ್ಕ: ಬೇಕೇ ಬೇಕು ಕಣೋ, ನಿನ್ ಸೊಂಟದಲ್ಲಿ ಕುದಿಯೋದನ್ನ ಎತ್ತಿ ಬಗ್ಗಿಸ್ತೀಯಾ

ನಾನು: ಅಕ್ಕ ಹೇಳಿದ್ದೇ ಸರಿ. ಬಾಲ್ ವಾಲ್ವ್ ನಲ್ಲಿ ಇರೋದೇ ತಗೋ, ತೂತು ಕೊರೆದು ನೀನೇ ಹಾಕೋದಾದ್ರೆ ವಾಷರ್ ಸಿಲಿಕೋನ್‌ದೇ ಇರ್ಲಿ. ಪಾತ್ರೆ ಕೈಗೆ ಬಂದ್ಮೇಲೆ ಒಳಗಿನ ಅಗಲ, ತಳದಿಂದ ನಲ್ಲಿ ಎಷ್ಟು ಮೇಲಿದೆ ಅಳೆದು ಕಳ್ಸು, ನಲ್ಲಿಗೆ ಒಳಗಿಂದ ಸೇರಿಸೋ ಪೈಪ್ ಎಷ್ಟು ಉದ್ದ ಬೇಕು ಹೇಳ್ತೀನಿ.