ವಿಪಿಎನ್ ಸೇರುತ್ತದೆ, ಪಿಂಗ್ ಹೋಗುತ್ತದೆ, ಆದರೆ ಎಸ್‌ಎಸ್‌ಎಚ್ ಅಲ್ಲೇ ನಿಂತುಬಿಡುತ್ತದೆ

ತೋಟದ ಮನೆ:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಕ್ಯಾಪ್ಚರ್ ದ ಫ್ಲಾಗ್ ಸವಾಲುಗಳನ್ನು (ಅಭ್ಯಾಸದ ಯಂತ್ರದೊಳಗೆ ಬಚ್ಚಿಟ್ಟ ‘ಫ್ಲಾಗ್’ ಎಂಬ ಗುಟ್ಟಿನ ಪದ ಹುಡುಕುವ ಆಟ) ಬಿಡಿಸುತ್ತಾ ಎಥಿಕಲ್ ಹ್ಯಾಕಿಂಗ್ ಕಲಿಯುತ್ತಿದ್ದೇನೆ. ಹಾಸ್ಟೆಲ್ಲಿನ ಬ್ರಾಡ್‌ಬ್ಯಾಂಡ್‌ನಲ್ಲಿ ಎಲ್ಲವೂ ಸರಿಯಾಗಿತ್ತು. ರಜೆಗೆ ಊರಿಗೆ ಬಂದಿದ್ದೇನೆ. ಮೂಡಿಗೆರೆಯಿಂದ ಒಳಗಿರುವ ನಮ್ಮ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಒಂದೇ ಗತಿ. ಕಾಲಿ ಲಿನಕ್ಸ್‌ನಲ್ಲಿ ಸವಾಲಿನ ಜಾಲಕ್ಕೆ ಓಪನ್‌ವಿಪಿಎನ್ ಸೇರುತ್ತದೆ. ಸವಾಲಿನ ಯಂತ್ರಕ್ಕೆ ಪಿಂಗ್ (ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಸಂದೇಶ) ಹೋಗುತ್ತದೆ. 22 ಮತ್ತು 80ನೇ ಪೋರ್ಟ್‌ಗಳು ತೆರೆದಿವೆ ಎಂದು ಪೋರ್ಟ್ ಹುಡುಕುವ ಉಪಕರಣ ಎನ್‌ಮ್ಯಾಪ್ ತೋರಿಸುತ್ತದೆ. ಆದರೆ ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳುವ ಮೊದಲೇ ನಿಂತುಬಿಡುತ್ತದೆ, ಬ್ರೌಸರ್‌ನಲ್ಲಿ ಪುಟ ತೆರೆಯುವುದೇ ಇಲ್ಲ. ಯಂತ್ರವನ್ನು ಹೊಸದಾಗಿ ಶುರು ಮಾಡಿದರೂ ಅದೇ ಪಾಡು.

ಹೇಮಾವತಿ ದಂಡೆ:
ಸವಾಲಿನ ಯಂತ್ರ ಸರಿಯಾಗಿಯೇ ಇದೆ. ಇದು ಎಂಟಿಯು, ಅಂದರೆ ಒಂದು ಪ್ಯಾಕೆಟ್ (ಜಾಲದಲ್ಲಿ ಹೋಗುವ ಮಾಹಿತಿಯ ತುಣುಕು) ಎಷ್ಟು ದೊಡ್ಡದಿರಬಹುದು ಎಂಬ ಮಿತಿಯ ತೊಂದರೆಯಂತೆ ಕಾಣುತ್ತದೆ. ಪಿಂಗ್ ಮತ್ತು ಎನ್‌ಮ್ಯಾಪ್ ಕಳುಹಿಸುವ ಪ್ಯಾಕೆಟ್‌ಗಳು ಪುಟ್ಟವು, ಹಾಗಾಗಿ ಸಲೀಸಾಗಿ ದಾಟುತ್ತವೆ. ಎಸ್‌ಎಸ್‌ಎಚ್‌ನ ಕೀಲಿ ವಿನಿಮಯದ ಪ್ಯಾಕೆಟ್ ದೊಡ್ಡದು. ಅದರ ಮೇಲೆ ವಿಪಿಎನ್ ತನ್ನ ಹೊದಿಕೆಯನ್ನೂ ಸೇರಿಸುತ್ತದೆ. ಮೊಬೈಲ್ ಜಾಲ ಅಷ್ಟು ದೊಡ್ಡದನ್ನು ಹೊರದಿದ್ದರೆ ಅದು ಸದ್ದಿಲ್ಲದೆ ಬಿದ್ದುಹೋಗುತ್ತದೆ, ನಿಮಗೆ ದೋಷದ ಸೂಚನೆಯೂ ಬರುವುದಿಲ್ಲ.

ಊಹೆಯ ಮೇಲೆ ಏನನ್ನೂ ಬದಲಿಸಬೇಡಿ, ಮೊದಲು ಅಳೆಯಿರಿ. ಪ್ಯಾಕೆಟ್ ಒಡೆಯದಂತೆ ತಡೆಯುವ ಆಯ್ಕೆಯೊಂದಿಗೆ 1400 ಬೈಟ್‌ಗಳ ಪಿಂಗ್ ಕಳುಹಿಸಿ, ಆಮೇಲೆ 1200ರದ್ದು. ಮೊದಲನೆಯದು ಹೋಗದೆ ಎರಡನೆಯದು ಹೋದರೆ ಸಂಶಯ ನಿಜ. ಆಗ ವಿಪಿಎನ್ ಸಂಪರ್ಕದ (ಟನ್0) ಎಂಟಿಯು ಇಳಿಸಲು ಈ ಆಜ್ಞೆ ಕೊಡಿ:

ಸುಡೋ ಐಪಿ ಲಿಂಕ್ ಸೆಟ್ ಡೆವ್ ಟನ್0 ಎಂಟಿಯು 1200

ವಿಪಿಎನ್ ಮತ್ತೆ ಸೇರಿದಾಗ ಇದು ಅಳಿಸಿಹೋಗುತ್ತದೆ. ಶಾಶ್ವತವಾಗಿ ಬೇಕಿದ್ದರೆ ವಿಪಿಎನ್ ಕಡತದಲ್ಲಿ ‘ಎಂಎಸ್‌ಎಸ್‌ಫಿಕ್ಸ್ 1200’ ಎಂಬ ಸಾಲು ಸೇರಿಸಿ.

ಕೊಪ್ಪದ ಓದುಗ:
ಮಳೆಗಾಲದಲ್ಲಿ ನಮ್ಮ ಕಡೆ ಸಿಗ್ನಲ್ ಅನ್ನು ನಂಬಿ ಕೂರಲು ಆಗುವುದಿಲ್ಲ. ಅಂಥ ದಿನಗಳಿಗೆ ವಿಪಿಎನ್ ಬೇಡದ ಅಭ್ಯಾಸಗಳನ್ನೂ ಇಟ್ಟುಕೊಳ್ಳಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೋಸಿಟಿಎಫ್ ಬ್ರೌಸರ್‌ನಲ್ಲೇ ನಡೆಯುತ್ತದೆ. ಓವರ್‌ದವೈರ್ ತಾಣದ ಬ್ಯಾಂಡಿಟ್ ಆಟಕ್ಕೆ 2220ನೇ ಪೋರ್ಟಿನ ಎಸ್‌ಎಸ್‌ಎಚ್ ಸಾಕು. ಲಿನಕ್ಸ್ ಆಜ್ಞೆಗಳು ಕೈಗೆ ಕೂರಲು ಬ್ಯಾಂಡಿಟ್‌ಗಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ತೋಟದ ಮನೆ:
ಹೇಮಾವತಿ ದಂಡೆಯವರೇ, ನೀವು ಹೇಳಿದಂತೆಯೇ ಆಯಿತು. 1400 ಹೋಗಲಿಲ್ಲ, 1200 ಹೋಯಿತು. ಎಂಟಿಯು ಇಳಿಸಿದ ಕೂಡಲೇ ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳಿತು, ಮೊದಲ ಫ್ಲಾಗ್ ಸಿಕ್ಕಿತು! ತುಂಬಾ ಧನ್ಯವಾದಗಳು. ಈಗ ರೂಟ್ (ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಬಳಕೆದಾರ) ಆಗುವ ದಾರಿ ತಿಳಿಯುತ್ತಿಲ್ಲ. ಇನ್ನೊಂದು ಪ್ರಶ್ನೆ: ನಮ್ಮ ಕಾಲೇಜಿನ ಜಾಲತಾಣದ ಮೇಲೂ ಇದೇ ಉಪಕರಣಗಳನ್ನು ಪ್ರಯೋಗಿಸಿ ನೋಡಬಹುದೇ?

ಹೇಮಾವತಿ ದಂಡೆ:
ಲಿಖಿತ ಅನುಮತಿ ಇಲ್ಲದೆ ಖಂಡಿತ ಬೇಡ. ಉದ್ದೇಶ ಕಲಿಕೆಯಷ್ಟೇ ಎಂದರೂ ಅನುಮತಿ ಇಲ್ಲದ ಪ್ರವೇಶ ನಿಮ್ಮನ್ನು ಕಾನೂನಿನ ತೊಡಕಿಗೆ ಸಿಲುಕಿಸಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ನಿಮ್ಮ ಮುಂದೆ ದೊಡ್ಡ ವೃತ್ತಿಜೀವನವಿದೆ, ಅದನ್ನು ಪಣಕ್ಕೆ ಇಡಬೇಡಿ.

ರೂಟ್ ವಿಚಾರಕ್ಕೆ ‘ಸುಡೋ ಹೈಫನ್ ಎಲ್’ ಆಜ್ಞೆ ಕೊಟ್ಟು, ಪಾಸ್‌ವರ್ಡ್ ಇಲ್ಲದೆ ಯಾವ ಪ್ರೋಗ್ರಾಂ ಓಡಿಸಬಹುದು ಎಂದು ನೋಡಿ. ಬಂದ ಉತ್ತರವನ್ನು ಇಲ್ಲಿ ಹಾಕಿ, ಮುಂದಿನ ಹೆಜ್ಜೆಯನ್ನು ಒಟ್ಟಿಗೆ ಹುಡುಕೋಣ. ಫ್ಲಾಗ್ ಮಾತ್ರ ಬರೆಯಬೇಡಿ, ಅದೇ ಸವಾಲನ್ನು ಬಿಡಿಸುತ್ತಿರುವವರು ಇನ್ನೂ ಇದ್ದಾರೆ.