ಪುಟ 38ರ ಫೋಟೋ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಹದಿನೇಳು ಮಂದಿ ಇದ್ದೇವೆ. ಸಿಂದಗಿ, ಇಂಡಿ, ವಿಜಯಪುರ, ಪುಣೆ, ಹೀಗೆ ಒಂದೊಂದು ಕಡೆ ಒಬ್ಬೊಬ್ಬರು. ದಿನಾ ಬರುವುದು ತೊಗರಿ ರೇಟು, ಮಳೆ ಸುದ್ದಿ, ಹಬ್ಬದ ಶುಭಾಶಯ. ಕಳೆದ ಭಾನುವಾರ ಸಂಜೆ ಪುಟ್ಟಿ ಒಂದು ಪಿಡಿಎಫ್ ಹಾಕಿದಳು. ಅವಳು ಓದುವ ವಿಶ್ವವಿದ್ಯಾಲಯದ ವಾರ್ಷಿಕ ವರದಿ ಅದು. ರಾತ್ರಿ ಹನ್ನೊಂದರವರೆಗೆ ಮಾತು ನಿಲ್ಲಲಿಲ್ಲ. ಅವತ್ತಿನ ಮಾತು ಹಾಗೇ ಮೇಲೆ ಸರಿದು ಹೋಗಬಾರದು ಅನ್ನಿಸಿತು, ಅದಕ್ಕೇ ಇಲ್ಲಿ ಇಡುತ್ತಿದ್ದೇನೆ. ಯಾರ ಹೆಸರೂ ಬೇಡ. ನನ್ನ ಫೋನಿನಲ್ಲಿ ಅವರು ಹೇಗಿದ್ದಾರೋ ಹಾಗೆಯೇ ಬರೆದಿದ್ದೇನೆ.

ಪುಟ್ಟಿ: ಎಲ್ಲರೂ ನೋಡಿ!! ಪುಟ 38, ಸಮಾಜ ಸೇವೆಯ ಕ್ಯಾಂಪಿನಲ್ಲಿ ನಾವು ಪೊರಕೆ ಹಿಡಿದು ನಿಂತ ಫೋಟೋ. ಎಡಗಡೆಯಿಂದ ಮೂರನೆಯವಳು ನಾನೇ.

ದೊಡ್ಡವ್ವ: ನನ್ನ ಮಗಳು ಪುಸ್ತಕದಲ್ಲಿ ಬಂದಳು 🙏

ದೊಡ್ಡಣ್ಣ: ಶಭಾಷ್ ಪುಟ್ಟಿ. ಆ ಪುಟ ಪ್ರಿಂಟ್ ತೆಗೆಸಿ ಅಜ್ಜಿಗೆ ತೋರಿಸು. ಫೋನಿನಲ್ಲಿ ಅವರಿಗೆ ಕಾಣಿಸುವುದಿಲ್ಲ.

ಕಾಕಾ: ಮೊದಲಿಂದ ಕೊನೆಯವರೆಗೆ ಓದಿದೆ. ಪುಟ್ಟಿ, ನಿನ್ನ ಮೇಲೆ ಸಿಟ್ಟಿಲ್ಲ ತಾಯಿ. ಆದರೆ ಹೇಳಲೇಬೇಕು. ಶಾಲು, ಹಾರ, ವೇದಿಕೆ, ದೀಪ ಹಚ್ಚುವುದು. ಓದುವ ಹುಡುಗಿಯರ ಮುಖಕ್ಕಿಂತ ಅತಿಥಿಗಳ ಮುಖವೇ ಜಾಸ್ತಿ. ಇನ್ನು ಪುಟ 38. ಝೂಮ್ ಮಾಡಿ ನೋಡಿರಿ. ಎರಡು ಪೊರಕೆಗೆ ಅಂಗಡಿಯ ಪ್ಲಾಸ್ಟಿಕ್ ಕವರು ಹಾಗೇ ಇದೆ. ಕವರು ತೆಗೆಯದೆ ಯಾವ ಓಣಿ ಗುಡಿಸಿದರು?

ಪುಟ್ಟಿ: ಕಾಕಾ, ಅದು ಮೊದಲನೇ ದಿನ ಬೆಳಿಗ್ಗೆ ತೆಗೆದ ಫೋಟೋ. ಕ್ಯಾಂಪ್ ಏಳು ದಿನ ಇತ್ತು.

ಕಾಕಾ: ಹಾಗಾದರೆ ಏಳನೇ ದಿನದ ಫೋಟೋ ಯಾಕೆ ಹಾಕಲಿಲ್ಲ? ಹಳಕಟ್ಟಿಯವರು ಇದೇ ವಿಜಯಪುರದಲ್ಲಿ 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟಿದರು. ಊರೂರು ತಿರುಗಿ ಮನೆಮನೆಯಿಂದ ವಚನದ ತಾಳೆಗರಿ ತಂದರು. ಅವನ್ನು ಅಚ್ಚು ಹಾಕಿಸಲು ಸ್ವಂತ ಮನೆ ಮಾರಿ ಪ್ರೆಸ್ ಹಾಕಿದರು. ಸಮಾಜ ಸೇವೆ ಅಂದರೆ ಅದು.

ತಮ್ಮ: ಕಾಕಾ, ಒಂದು ಮಾತು. ಇಂಥ ವರದಿಗೆ ಫೈಲ್ ಜೋಡಿಸುವ ಕೆಲಸ ನಾನು ಮಾಡಿದ್ದೇನೆ. ಅತಿಥಿ ಉಪನ್ಯಾಸಕನಾಗಿ ಪಾಠ ಮುಗಿಸಿ, ರಾತ್ರಿ ಕೂತು ನ್ಯಾಕ್ ಫೈಲ್, ಅಂದರೆ ಕಾಲೇಜುಗಳ ಗುಣಮಟ್ಟ ಅಳೆಯುವವರಿಗೆ ಕೊಡುವ ಫೈಲ್, ಮಾಡಿದ್ದೇನೆ. ಆಗ ಅದರಲ್ಲಿ ಏಳು ಭಾಗ ಇದ್ದವು. ಪಾಠ ಪರೀಕ್ಷೆ ಒಂದು, ಸಂಶೋಧನೆ ಮತ್ತು ಊರಿನ ಕೆಲಸ ಒಂದು, ವಿದ್ಯಾರ್ಥಿಗಳಿಗೆ ಕೊಟ್ಟ ನೆರವು ಒಂದು, ಹೀಗೆ. ಪ್ರತಿ ಕಾರ್ಯಕ್ರಮಕ್ಕೂ ಆಧಾರ ಬೇಕು. ಜಿಯೋ ಟ್ಯಾಗ್ ಫೋಟೋ ಬೇಕು. ಅದಕ್ಕೇ ಪುಟ್ಟಿಯ ಫೋಟೋದ ಮೂಲೆಯಲ್ಲಿ 16 ಡಿಗ್ರಿ, 75 ಡಿಗ್ರಿ ಅಂತ ಇದೆ, ಕೆಳಗೆ ತಾರೀಖು, ಟೈಮು. ಫೋಟೋ ಇಲ್ಲದಿದ್ದರೆ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ಹುಡುಗಿಯರನ್ನು ಸಾಲಾಗಿ ನಿಲ್ಲಿಸುವುದು ಮೇಷ್ಟ್ರ ಶೋಕಿಗಲ್ಲ.

ದೊಡ್ಡಣ್ಣ: ಸರಿಯಾದ ಮಾತು. ಕಾಕಾ, ನೀವು ಓದುವಾಗ ನಮ್ಮ ಕಡೆಯವರಿಗೆ ವಿಶ್ವವಿದ್ಯಾಲಯ ಅಂದರೆ ಧಾರವಾಡ. ಒಂದು ಸಹಿಗೆ ರಾತ್ರಿ ಬಸ್ಸು ಹತ್ತಬೇಕಿತ್ತು ಅಂತ ನೀವೇ ಹೇಳಿದ್ದೀರಿ. ಆಮೇಲೆ 1998ರಲ್ಲಿ ಬೆಳಗಾವಿಗೆ ವಿಟಿಯು, ಅಂದರೆ ತಾಂತ್ರಿಕ ವಿಶ್ವವಿದ್ಯಾಲಯ, ಬಂತು. 2003ರಲ್ಲಿ ವಿಜಯಪುರಕ್ಕೆ ಮಹಿಳಾ ವಿಶ್ವವಿದ್ಯಾಲಯ ಬಂತು, 2017ರಲ್ಲಿ ಅದಕ್ಕೆ ಅಕ್ಕಮಹಾದೇವಿ ಹೆಸರು ಇಟ್ಟರು. 2008ರಲ್ಲಿ ಬಾಗಲಕೋಟೆಗೆ ತೋಟಗಾರಿಕೆಯದ್ದು, 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ. ನಮ್ಮ ಕಣ್ಣ ಮುಂದೆ ಇಷ್ಟು ಆಗಿದೆ. ನಮ್ಮ ಮನೆಯ ಹೆಣ್ಣುಮಕ್ಕಳು ಎಂಎ ತನಕ ಹೋದರು. ಎರಡು ಪೊರಕೆಯ ಕವರು ಹಿಡಿದುಕೊಂಡು ಅದನ್ನೆಲ್ಲ ತಳ್ಳಿಹಾಕಬೇಡಿ.

ಕಾಕಾ: ನಾನು ವಿಶ್ವವಿದ್ಯಾಲಯ ಬೇಡ ಅಂದೆನಾ? ಮೂವತ್ತೆರಡು ವರ್ಷ ಹುಡುಗರಿಗೆ ಕಲಿಸಿದವನು ನಾನು. ವರದಿ ಸತ್ಯ ಹೇಳಬೇಕು ಅಂದೆ.

ಇಷ್ಟರಲ್ಲಿ ಪುಟ್ಟಿ ಒಂದು ವಾಯ್ಸ್ ಮೆಸೇಜ್ ಹಾಕಿದಳು. ಎರಡು ನಿಮಿಷ ಇತ್ತು, ಗಂಟಲು ಕಟ್ಟಿತ್ತು. ಅದರಲ್ಲಿ ಅವಳು ಹೇಳಿದ್ದು ಇಷ್ಟು. ಕ್ಯಾಂಪಿನ ಊರಿನಲ್ಲಿ ಬೋರ್‌ವೆಲ್ ಪಂಪಿನ ಹತ್ತಿರ ಯಾವಾಗಲೂ ಕೆಸರು. ಕೊಡ ಇಡಲು ಒಣ ಜಾಗ ಇಲ್ಲ, ಸಂಜೆಯಾದರೆ ಸೊಳ್ಳೆ. ಎರಡನೇ ದಿನ ಹುಡುಗಿಯರು ಅಲ್ಲೊಂದು ಇಂಗುಗುಂಡಿ ತೋಡಲು ಶುರು ಮಾಡಿದರು. ಮೇಲೆ ಎರೆ ಮಣ್ಣು, ಬೇಗ ಬಂತು. ಕೆಳಗೆ ಗರಸು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಮೂರು ದಿನ ಅಗೆದರು. ತಳಕ್ಕೆ ದೊಡ್ಡ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಮೇಲೆ ಮರಳು. ಅಂಗೈಯಲ್ಲಿ ಗುಳ್ಳೆ ಎದ್ದು ರೊಟ್ಟಿ ಮುರಿಯಲು ಆಗದೆ ಒಬ್ಬಳು ಅತ್ತಳಂತೆ. ಅವತ್ತು ಫೋಟೋ ತೆಗೆಯುವವರು ಯಾರೂ ಬಂದಿರಲಿಲ್ಲ.

ಕಾಕಾ: ನೋಡಿದಿರಾ? ಇದು ಪುಟ 38ರಲ್ಲಿ ಬರಬೇಕಿತ್ತು. ತಾಯಿ, ನೀನು ಮಾಡಿದ ಕೆಲಸ ದೊಡ್ಡದು.

ನಾನು ಅಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಇಂಡಿಯಲ್ಲಿ ಹೈಸ್ಕೂಲ್ ಟೀಚರ್ ನಾನು, ನಾಳೆಯ ಪಾಠದ ಟಿಪ್ಪಣಿ ಬಾಕಿ ಇತ್ತು. ಆದರೆ ಆ ವಾಯ್ಸ್ ಮೆಸೇಜ್ ಕೇಳಿದ ಮೇಲೆ ಪುಸ್ತಕ ಪಕ್ಕಕ್ಕಿಟ್ಟು ಬರೆಯಲು ಕೂತೆ.

ನಾನು: ಪುಟ್ಟಿ, ಆ ಗುಂಡಿ ಈಗ ಹೇಗಿದೆ? ಹೂಳು ತುಂಬಿದೆಯಾ, ನೀರು ಇಂಗುತ್ತಿದೆಯಾ?

ಪುಟ್ಟಿ: ಗೊತ್ತಿಲ್ಲ ಅಕ್ಕಾ. ಕ್ಯಾಂಪ್ ಮುಗಿದ ಮೇಲೆ ನಾವು ಮತ್ತೆ ಹೋಗಲಿಲ್ಲ.

ನಾನು: ನನ್ನ ತಕರಾರು ಅಲ್ಲೇ ಇದೆ. ಕಾಕಾ ಪೊರಕೆ ನೋಡಿದರು, ತಮ್ಮ ಫೈಲ್ ನೋಡಿದ. ನನಗೆ ಈ ವರದಿಯ ಒಂದೊಂದು ಪುಟಕ್ಕೂ ಒಂದೇ ಪ್ರಶ್ನೆ. ಆಮೇಲೆ ಏನಾಯ್ತು?

ನಮ್ಮ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕ್ಯಾಂಪಿನ ಕಥೆ ಹೇಳುತ್ತೇನೆ, ಕೇಳಿ. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಊರಿನ ಶಾಲೆಯಲ್ಲಿ ಮಲಗುತ್ತಿದ್ದೆವು. ರಾತ್ರಿ ಮನೆಗೊಂದರಂತೆ ರೊಟ್ಟಿ ಗಂಟು ಬರುತ್ತಿತ್ತು, ಜೊತೆಗೆ ಶೇಂಗಾ ಚಟ್ನಿ. ಗಂಟು ತಂದ ಒಬ್ಬ ಅಜ್ಜಿ ಸೊಂಟದ ಚೀಲದಿಂದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. ನಾಲ್ಕು ಮಡಿಕೆ. ಮಡಿಕೆಯ ಜಾಗದಲ್ಲೆಲ್ಲ ಹರಿದಿತ್ತು. "ಇದರಲ್ಲಿ ಏನು ಬರೆದಿದೆ ಓದು ಮಗಳೇ" ಅಂದಳು. ಸಂಧ್ಯಾ ಸುರಕ್ಷಾ ಪಿಂಚಣಿಯ ಕಾಗದ ಅದು. ವಯಸ್ಸಿನ ದಾಖಲೆ ಕೊಡಿ ಅಂತ ಕೇಳಿದ್ದರು. ಅದನ್ನು ಓದಿ ಹೇಳುವವರಿಲ್ಲದೆ ಅವಳು ಎಂಟು ತಿಂಗಳು ಸೊಂಟದಲ್ಲೇ ಇಟ್ಟುಕೊಂಡಿದ್ದಳು.

ಮಾರನೇ ದಿನ ನಾವು ನಾಲ್ಕು ಜನ ಗುಡಿ ಕಟ್ಟೆಯ ಮೇಲೆ ಕೂತೆವು. ಸುದ್ದಿ ಹಬ್ಬಿತು. ವಿಧವಾ ವೇತನ, ರೇಷನ್ ಕಾರ್ಡಿನಲ್ಲಿ ಬಿಟ್ಟುಹೋದ ಹೆಸರು, ಪಹಣಿಯಲ್ಲಿ ತಪ್ಪಿದ ಅಕ್ಷರ. ಕತ್ತಲಾಗುವವರೆಗೆ ಅರ್ಜಿ ತುಂಬಿದೆವು. ಆ ವರ್ಷದ ವರದಿಯಲ್ಲಿ ಬಂದದ್ದು ನಾವು ಸಸಿ ಹಿಡಿದು ನಿಂತ ಫೋಟೋ. ಕಟ್ಟೆಯ ಮಾತು ಒಂದು ಸಾಲೂ ಇರಲಿಲ್ಲ. ಆ ಅಜ್ಜಿಗೆ ದುಡ್ಡು ಬಂತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನೂ ಮತ್ತೆ ಹೋಗಲಿಲ್ಲ. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ಎನ್‌ಎಸ್‌ಎಸ್ ಶುರುವಾಗಿದ್ದು 1969ರಲ್ಲಿ, ಗಾಂಧಿ ಹುಟ್ಟಿ ನೂರು ವರ್ಷ ಆದಾಗ. ಒಬ್ಬ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು. ಅದರಲ್ಲಿ ಒಂದೇ ದಿನ, ಆರು ತಿಂಗಳು ಬಿಟ್ಟು, ಅದೇ ಊರಿಗೆ ವಾಪಸ್ ಹೋಗಲು ಇಟ್ಟರೆ ಸಾಕು. ಗುಂಡಿ ನೋಡಬಹುದು, ಅಜ್ಜಿಯನ್ನು ಕೇಳಬಹುದು.

ತಮ್ಮ: ಅಕ್ಕಾ, ಒಪ್ಪಿದೆ. ಫಾರ್ಮಿನಲ್ಲಿ ಎಷ್ಟು ಕಾರ್ಯಕ್ರಮ, ಎಷ್ಟು ವಿದ್ಯಾರ್ಥಿಗಳು ಅನ್ನುವುದಕ್ಕೆ ನಂಬರ್ ತುಂಬಿದ್ದೆ. ಪರಿಣಾಮ ಏನು ಅನ್ನುವುದಕ್ಕೂ ಜಾಗ ಇತ್ತು. ನಾವು ಅಲ್ಲಿ "ಜಾಗೃತಿ ಮೂಡಿತು" ಅಂತ ಬರೆದು ಮುಗಿಸಿದೆವು. ಟೈಮ್ ಇರಲಿಲ್ಲ. ಸಂಬಳವೂ ಬಂದಿರಲಿಲ್ಲ ಆ ತಿಂಗಳು.

ದೊಡ್ಡಣ್ಣ: ಆದರೂ ರಿಸಲ್ಟ್ ಚೆನ್ನಾಗಿದೆ ನೋಡಿ. ಚಿನ್ನದ ಪದಕದ ಪಟ್ಟಿಯೇ ಒಂದೂವರೆ ಪುಟ ಇದೆ. ಇಡೀ ದೇಶದಲ್ಲೂ ಹುಡುಗಿಯರು ಅರ್ಧದ ಹತ್ತಿರ ಬಂದಿದ್ದಾರೆ. ಕೇಂದ್ರದ ಸಮೀಕ್ಷೆ ಪ್ರಕಾರ 2021-22ರಲ್ಲಿ ಕಾಲೇಜಿಗೆ ಸೇರಿದ್ದ 4.33 ಕೋಟಿಯಲ್ಲಿ 2.07 ಕೋಟಿ ಹುಡುಗಿಯರೇ.

ನಾನು: ಅಣ್ಣಾ, ಅದು ಸೇರಿದವರ ಲೆಕ್ಕ. ತಮ್ಮ, ನೀನು ಹೇಳು. ರಿಸಲ್ಟ್ ಶೇಕಡಾ ಹೇಗೆ ತೆಗೆಯುತ್ತಿದ್ದಿರಿ?

ತಮ್ಮ: ಕೊನೆಯ ವರ್ಷ ಪರೀಕ್ಷೆ ಬರೆದವರಲ್ಲಿ ಎಷ್ಟು ಜನ ಪಾಸಾದರು, ಅದು.

ನಾನು: ಮೊದಲ ಸೆಮಿಸ್ಟರಿಗೆ ಸೇರಿ, ಮೂರನೇ ಸೆಮಿಸ್ಟರಿನಲ್ಲಿ ಬಿಟ್ಟವಳು?

ತಮ್ಮ: ಅವಳು ಪರೀಕ್ಷೆಗೇ ಕೂತಿಲ್ಲವಲ್ಲ ಅಕ್ಕಾ. ಆ ಲೆಕ್ಕಕ್ಕೆ ಬರುವುದಿಲ್ಲ.

ನಾನು: ಪಾಸಾದವರಲ್ಲೂ ಇಲ್ಲ, ಫೇಲಾದವರಲ್ಲೂ ಇಲ್ಲ. ನಮ್ಮ ಕಡೆ ಹುಡುಗಿ ಫೇಲಾಗಿ ಓದು ಬಿಡುವುದು ಕಡಿಮೆ. ಹಾಸ್ಟೆಲ್ ಸೀಟು ಸಿಗಲಿಲ್ಲ ಅಂತ ಬಿಡುತ್ತಾಳೆ. ಬಸ್ಸು ನಿಲ್ಲಿಸಲಿಲ್ಲ ಅಂತ ಬಿಡುತ್ತಾಳೆ. ಒಳ್ಳೆ ಕಡೆಯಿಂದ ಸಂಬಂಧ ಬಂತು ಅಂತ ಬಿಡುತ್ತಾಳೆ. ವರದಿಯಲ್ಲಿ ಅವಳಿಗೆ ಒಂದು ಪುಟ ಬೇಕು. ಎಷ್ಟು ಜನ ಸೇರಿದರು, ಕೊನೆಯವರೆಗೆ ಎಷ್ಟು ಜನ ಉಳಿದರು, ಬಿಟ್ಟವರು ಯಾವ ಸೆಮಿಸ್ಟರಿನಲ್ಲಿ, ಯಾಕೆ ಬಿಟ್ಟರು. ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ಆ ಪುಟ ಇದ್ದರೆ ಮುಂದಿನ ವರ್ಷ ಹಾಸ್ಟೆಲ್ ಎಲ್ಲಿ ಬೇಕು, ಎಷ್ಟು ಗಂಟೆಗೆ ಬಸ್ಸು ಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ.

ಕಾಕಾ: ಇದು ನಾನು ಹೇಳಿದ್ದಕ್ಕಿಂತ ದೊಡ್ಡ ಮಾತು. ವರದಿ ಮಾಡುವವರಿಗೆ ಬರೆದು ಕಳಿಸೋಣ. ನಾನೂ ಸಹಿ ಹಾಕುತ್ತೇನೆ.

ಇಲ್ಲಿ ನಾನು ಐದು ನಿಮಿಷ ಫೋನ್ ಕೆಳಗಿಟ್ಟೆ. ಮುಂದಿನ ಮಾತು ಬರೆಯಬೇಕೋ ಬೇಡವೋ ಗೊತ್ತಾಗಲಿಲ್ಲ. ಕಾಕಾ ನನಗೆ ಅಕ್ಷರ ಕಲಿಸಿದವರು. ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದವರು.

ನಾನು: ಕಾಕಾ, ತಪ್ಪು ತಿಳಿಯಬೇಡಿ. ಆ ಪುಟದಲ್ಲಿ ನಮ್ಮ ಮನೆಯ ಹುಡುಗಿಯೂ ಇದ್ದಾಳೆ.

ಯಾರೂ ಏನೂ ಬರೆಯಲಿಲ್ಲ. ಎಲ್ಲರಿಗೂ ಗೊತ್ತು. ಕಾಕಾನ ಮಗಳು, ನನ್ನ ತಂಗಿ, 2022ರಲ್ಲಿ ಎಂಎ ಕನ್ನಡಕ್ಕೆ ಸೇರಿದ್ದಳು. ಯಾವ ಕಡೆ ಅನ್ನುವುದು ಬೇಡ. ಎರಡು ಸೆಮಿಸ್ಟರ್ ಮುಗಿಸಿದಳು. ಎರಡನೇ ವರ್ಷ ಹಾಸ್ಟೆಲ್ ಸಿಗಲಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಿತ್ತು, ಟಿಕೆಟ್ ದುಡ್ಡಿನ ಚಿಂತೆ ಹೋಗಿತ್ತು. ಆದರೆ ಬೆಳಗಿನ ಬಸ್ಸು ತುಂಬಿ ಬಂದರೆ ನಮ್ಮೂರ ಕ್ರಾಸಿನಲ್ಲಿ ನಿಲ್ಲುತ್ತಿರಲಿಲ್ಲ. ಸಂಜೆ ಮನೆ ಮುಟ್ಟುವಷ್ಟರಲ್ಲಿ ಎಂಟು ಗಂಟೆ. ದೀಪಾವಳಿ ಹೊತ್ತಿಗೆ ಸಂಬಂಧ ಬಂತು. ಈಗ ಅವಳು ಗಂಡನ ಮನೆಯಲ್ಲಿದ್ದಾಳೆ, ಕಂಕುಳಲ್ಲಿ ಮಗು ಇದೆ. ಗುಂಪಿನಲ್ಲೂ ಇದ್ದಾಳೆ. ಬರೆಯುವುದು ಕಡಿಮೆ.

ಇಪ್ಪತ್ತು ನಿಮಿಷ ಆದ ಮೇಲೆ ಕಾಕಾನ ಮೆಸೇಜ್ ಬಂತು.

ಕಾಕಾ: ಹೌದು. ನಾನೇ ಬಿಡಿಸಿದೆ. ಕತ್ತಲಾದ ಮೇಲೆ ಕ್ರಾಸಿನಲ್ಲಿ ಸೈಕಲ್ ಹಿಡಿದು ನಿಂತು ಕಾಯುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಯಾರಿಗೂ ಹೇಳಲಿಲ್ಲ. ಹಾಸ್ಟೆಲ್ ಕೇಳಲು ಎರಡನೇ ಸಲ ಹೋಗಬೇಕಿತ್ತು. ಹೋಗಲಿಲ್ಲ. ಮದುವೆ ಸುಲಭ ಅನ್ನಿಸಿತು. ಅವಳು ಅವತ್ತು ಅತ್ತಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ದೊಡ್ಡವ್ವ: ಆಗಿದ್ದು ಆಯ್ತು ಬಿಡು. ರಾತ್ರಿ ಹೊತ್ತು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ತಂಗಿ: ಅಪ್ಪಾ, ನಾನು ಎಲ್ಲ ಓದಿದೆ. ಮಗು ಈಗ ಮಲಗಿತು. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಒಂದು ಕೇಳುತ್ತೇನೆ. ಆ ಎರಡು ಸೆಮಿಸ್ಟರ್ ಈಗ ಹೋದ ಹಾಗೇನಾ?

ತಮ್ಮ: ಹೋದ ಹಾಗೆ ಅಂತ ನೀನೇ ತೀರ್ಮಾನ ಮಾಡಬೇಡ. ಕೋರ್ಸಿನ ಎರಡು ಪಟ್ಟು ಟೈಮಿನೊಳಗೆ ಮುಗಿಸಲು ಬಿಡುವ ನಿಯಮ ಎಷ್ಟೋ ಕಡೆ ಇದೆ. ನಿನ್ನ ವಿವಿಯಲ್ಲಿ ಹೇಗೆ ಅಂತ ಕೇಳಬೇಕು. 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ) ಅಂತ ಶುರುವಾಯಿತು, ಪಾಸಾದ ಪೇಪರುಗಳ ಕ್ರೆಡಿಟ್ ಕೂಡಿಡುವ ಖಾತೆ. ನಿನ್ನ ಕ್ರೆಡಿಟ್ ಅದರಲ್ಲಿ ಏರಿಸಿದ್ದರೆ ಏಳು ವರ್ಷ ಇರುತ್ತದೆ. ಎಬಿಸಿ ಐಡಿ ಮಾಡಿಸಿದ್ದೆಯಾ?

ತಂಗಿ: ಹನ್ನೆರಡು ಅಂಕಿ ಇರುತ್ತದಲ್ಲ, ಅದಾ? ಮಾಡಿಸಿದ ನೆನಪು ಇದೆ. ಮಾರ್ಕ್ಸ್ ಕಾರ್ಡ್ ಟ್ರಂಕಿನಲ್ಲಿ ಇವೆ, ಮದುವೆ ಸೀರೆಗಳ ಕೆಳಗೆ.

ಪುಟ್ಟಿ: ಅಕ್ಕಾ, ನೀನು ಅರ್ಜಿ ಕೊಡುವ ದಿನ ನಾನು ಜೊತೆಗೆ ಬರುತ್ತೇನೆ. ಮಗುವನ್ನು ನಾನು ಎತ್ತಿಕೊಳ್ಳುತ್ತೇನೆ. ಮತ್ತೆ, ಮುಂದಿನ ಶನಿವಾರ ನಾವು ಐದು ಜನ ಆ ಊರಿಗೆ ಹೋಗುತ್ತಿದ್ದೇವೆ. ಗುಂಡಿ ನೋಡಲು. ಈಗಷ್ಟೇ ಕ್ಲಾಸ್ ಗುಂಪಿನಲ್ಲಿ ಕೇಳಿದೆ, ಹೂಂ ಅಂದರು.

ಕಾಕಾ: ಪುಟ್ಟಿ, ಆ ಊರಿಗೆ ನಾನೂ ಬರಲಾ? ಅರ್ಜಿ ಓದಿ ಹೇಳಲು ಬರುತ್ತದೆ ನನಗೆ. ಅಳಿಯಂದಿರಿಗೆ ನಾಳೆ ನಾನೇ ಫೋನ್ ಮಾಡುತ್ತೇನೆ. ಹಾಸ್ಟೆಲ್ ಬೇಕಿಲ್ಲ ಈಗ. ಪರೀಕ್ಷೆ ಇದ್ದ ದಿನ ನಾನೇ ಕರೆದುಕೊಂಡು ಹೋಗುತ್ತೇನೆ.

ತಂಗಿ: ಅಪ್ಪಾ, ಸ್ವಲ್ಪ ಇರಿ.

10.52ಕ್ಕೆ ಎರಡು ಫೋಟೋ ಬಂದವು. ಎರಡು ಮಾರ್ಕ್ಸ್ ಕಾರ್ಡು, ಮಂಚದ ಮೇಲೆ ಇಟ್ಟು ತೆಗೆದದ್ದು. ಮೂಲೆಯಲ್ಲಿ ಮಗುವಿನ ಕಾಲು ಕಾಣುತ್ತಿತ್ತು. ಕಾಕಾ ಅವನ್ನೂ ಝೂಮ್ ಮಾಡಿ ನೋಡಿರಬೇಕು. ಒಂದೊಂದೇ ಪೇಪರಿನ ಹೆಸರು, ಅದರ ಮುಂದೆ ಅಂಕ, ಹೀಗೆ ನಿಧಾನವಾಗಿ ಟೈಪ್ ಮಾಡಿ ಗುಂಪಿಗೆ ಹಾಕುತ್ತಾ ಹೋದರು. ಹತ್ತು ಪೇಪರು ಮುಗಿಯುವವರೆಗೆ ಯಾರೂ ನಡುವೆ ಬರೆಯಲಿಲ್ಲ.