ಬೆವರು ಬಿಸಿಲಿನದೋ, ಸಕ್ಕರೆ ಇಳಿದದ್ದೋ?

ಗಂಗಾವತಿಯಿಂದ ಪ್ರಶ್ನೆ: 58 ವರ್ಷದ ನಮ್ಮ ತಂದೆಯವರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ದಿನವೂ ನಡೆಯಬೇಕೆಂದು ವೈದ್ಯರು ಹೇಳಿದ್ದಾರೆ. ಖಾಲಿ ಹೊಟ್ಟೆಯಲ್ಲಿ ನಡೆಯಬಹುದೇ? ಅಂಜನಾದ್ರಿ ಹತ್ತುವ ಆಸೆಯೂ ಅವರಿಗಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ರಾಯಚೂರಿನಿಂದ: ಆ ಎರಡು ಮಾತ್ರೆಗಳಲ್ಲಿ ನೀವು ಗಮನವಿಡಬೇಕಾದದ್ದು ಗ್ಲಿಮೆಪಿರೈಡ್ ಮೇಲೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅತಿಯಾಗಿ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಆದರೋ ಹೊಟ್ಟೆಗೆ ಊಟ ಬೀಳಲಿ ಬೀಳದಿರಲಿ ದೇಹದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಅದರ ಮೇಲೆ ನಡಿಗೆಯೂ ಸೇರಿದರೆ ರಕ್ತದ ಸಕ್ಕರೆ ಬೇಗ ಕುಸಿಯುತ್ತದೆ. ನಾನು ಇದನ್ನು ಒಂದು ಮೇ ತಿಂಗಳ ಬೆಳಗ್ಗೆ ಕಲಿತೆ. ಬಂದು ರೊಟ್ಟಿ ತಿಂದರಾಯಿತೆಂದು ಮಾತ್ರೆ ನುಂಗಿ ಮಾವಿನಕೆರೆಯ ಕಡೆ ಹೊರಟಿದ್ದೆ. ಅರ್ಧ ಗಂಟೆಯೊಳಗೆ ಅಂಗಿ ತೊಯ್ದು ಹೋಯಿತು. ನಮ್ಮೂರಿನಲ್ಲಿ ಮೇ ತಿಂಗಳ ಬೆವರನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಬಿಚ್ಚಿಕೊಂಡ ಬೂಟಿನ ದಾರ ಕಟ್ಟಲು ಕುಳಿತಾಗ ಬೆರಳು ನಡುಗಿ ಗಂಟೇ ಬೀಳಲಿಲ್ಲ, ಕುತ್ತಿಗೆ ಮುಟ್ಟಿಕೊಂಡರೆ ತಣ್ಣಗಿತ್ತು. ಜೊತೆಗಿದ್ದವರು ಚಹಾದಂಗಡಿಯಿಂದ ಮೂರು ಚಮಚ ಸಕ್ಕರೆ ಕದಡಿದ ನೀರು ತಂದು ಕುಡಿಸಿದರು. ಹದಿನೈದು ನಿಮಿಷ ಕುಳಿತ ಮೇಲೆ ನಡುಕ ನಿಂತಿತು.

ಈಗ ವೈದ್ಯರು ಹೇಳಿದಂತೆ ತಿಂಡಿಯೊಂದಿಗೇ ಮಾತ್ರೆ ತೆಗೆದುಕೊಂಡು, ಆಮೇಲೆ ನಡೆಯುತ್ತೇನೆ. ಬೇಸಿಗೆಯಲ್ಲಿ ಅದಕ್ಕಾಗಿ ತಿಂಡಿಯನ್ನೇ ಆರು ಗಂಟೆಗೆ ತಂದಿದ್ದೇವೆ, ಮನೆಯವರ ಗೊಣಗಾಟ ಇನ್ನೂ ನಿಂತಿಲ್ಲ. ಹೊರಡುವ ಮುನ್ನ ಗ್ಲೂಕೋಮೀಟರಿನಲ್ಲಿ 90ಕ್ಕಿಂತ ಕಡಿಮೆ ಬಂದರೆ ಏನಾದರೂ ತಿಂದೇ ಹೊರಡಬೇಕು. 250 ದಾಟಿ, ವಾಂತಿ ಅಥವಾ ಜ್ವರವೂ ಇದ್ದರೆ ಅಂದು ನಡಿಗೆ ಬೇಡ, ವೈದ್ಯರನ್ನು ಕಾಣಬೇಕು. ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವಿರಲಿ. ಶೇಂಗಾ ಚಿಕ್ಕಿ ಈ ಕೆಲಸಕ್ಕೆ ಬಾರದು, ಏಕೆಂದರೆ ಶೇಂಗಾದ ಜಿಡ್ಡಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಮಾತ್ರೆಯನ್ನು ತಾವಾಗಿಯೇ ಅರ್ಧ ಮಾಡಿಕೊಳ್ಳುವುದಂತೂ ಬೇಡವೇ ಬೇಡ.

ಕೊಪ್ಪಳದಿಂದ: ಅಂಜನಾದ್ರಿಯ ಬಗ್ಗೆ ನಾನು ಹೇಳುತ್ತೇನೆ. ಹರಕೆಯೆಂದು ಚಪ್ಪಲಿ ಕೆಳಗೇ ಬಿಟ್ಟು ಮಟಮಟ ಮಧ್ಯಾಹ್ನ ಹತ್ತಿದವನು ನಾನು. ಕಾದ ಕಲ್ಲು ಸುಟ್ಟದ್ದು ನನಗೆ ತಿಳಿಯಲೇ ಇಲ್ಲ. ಮೇಲೆ ಹೋಗಿ ನಮಸ್ಕರಿಸಿ, ಇಳಿದು, ಬಸ್ಸು ಹತ್ತಿ ಮನೆಗೆ ಬಂದೆ. ರಾತ್ರಿ ಹಾಸಿಗೆಯ ಮೇಲೆ ಒದ್ದೆ ಕಲೆ ಕಂಡು ನನ್ನಾಕೆ ಕಾಲು ಎತ್ತಿ ನೋಡಿದಾಗ ಅಂಗಾಲಿನಲ್ಲಿ ರೂಪಾಯಿಯಗಲದ ಬೊಬ್ಬೆ ಒಡೆದಿತ್ತು. ಮಾಯಲು ಎರಡು ತಿಂಗಳು ಹಿಡಿಯಿತು. ಸಕ್ಕರೆಯಿಂದ ನರಗಳು ಸೋತರೆ ಪಾದಕ್ಕೆ ನೋವೇ ಗೊತ್ತಾಗುವುದಿಲ್ಲವೆಂದು ಆಗ ತಿಳಿಯಿತು. ತಂದೆಯವರಿಗೆ ಪಾದದ ಸ್ಪರ್ಶ ಪರೀಕ್ಷೆ, ಕಣ್ಣಿನ ಪರದೆಯ ಪರೀಕ್ಷೆ ಮತ್ತು ಇಸಿಜಿ ಮಾಡಿಸಿ, ಅವುಗಳನ್ನು ನೋಡಿದ ವೈದ್ಯರು ಒಪ್ಪಿದ ಮೇಲೆ ನಸುಕಿನಲ್ಲಿ ಹತ್ತಿಸಿ. ಬರಿಗಾಲು ಮಾತ್ರ ಬೇಡ.

ಬಳ್ಳಾರಿಯಿಂದ: ಒಂದು ಮಾತು ಸೇರಿಸಬೇಕೆನಿಸಿತು. ತಂದೆಯವರು ಬಿ.ಪಿ.ಗೆ ಅಟೆನೊಲಾಲ್‌ನಂತಹ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ಇಳಿದಾಗಲೂ ನಡುಕ, ಎದೆಬಡಿತ ಕಾಣಿಸದಿರಬಹುದು. ಆಗ ಉಳಿಯುವ ಮುಖ್ಯ ಗುರುತು ಬೆವರು. ಬೆಟ್ಟ ಹತ್ತಿದ ದಿನ ಮಲಗುವ ಮುನ್ನ ಇನ್ನೊಮ್ಮೆ ಪರೀಕ್ಷಿಸಿ, ಏಕೆಂದರೆ ಹಗಲಿನ ಶ್ರಮಕ್ಕೆ ಸಕ್ಕರೆ ರಾತ್ರಿಯಲ್ಲಿ ಇಳಿಯುವುದೂ ಉಂಟು.